ತಾಯಿಫಿನಲ್ಲಿ ಒಂದು ಗೆರಟೆ ಕಳ್ಳು

ಜೆಡ್ಡಾ

ಕಳ್ಳಿನ ಒಂದು ಹನಿಯೂ ಸಿಗದ ದೇಶಕ್ಕೆ ಹೋಗಿ ಕಳ್ಳಿನ ಕತೆಯೊಂದನ್ನು ಹೊತ್ತು ತಂದಿದ್ದೇನೆ ಎಂದರೆ ನಮ್ಮೂರಿನವರು ನಗುತ್ತಾರೆ. ನಗಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನಾನು ಉಚ್ಚಿಲದ ಕಡೆಯವಳು. ಪ್ರೈಮರಿ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾಗಿ ಮೂರು ವರ್ಷವಾಯಿತು. ಅಪ್ಪ ಮೂರ್ತೆ ಮಾಡುತ್ತಿದ್ದರು, ಅಂದರೆ ತೆಂಗಿನ ಮರ ಹತ್ತಿ ಕಳ್ಳು ಇಳಿಸುತ್ತಿದ್ದರು. ಶಾಲೆಯಲ್ಲಿ ಕೆಲವು ಮಕ್ಕಳು ನನ್ನ ಲಂಗಕ್ಕೆ ಹುಳಿ ವಾಸನೆ ಬರುತ್ತದೆಂದು ದೂರ ಕೂರುತ್ತಿದ್ದರು. ಬರುತ್ತಿತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಆಮೇಲೆ ಯಾವ ಅರ್ಜಿಯಲ್ಲಿ ತಂದೆಯ ಉದ್ಯೋಗ ಕೇಳಿದರೂ ನಾನು ಬರೆದದ್ದು ‘ಕೃಷಿ’ ಎಂದೇ. ಆಗ ದೂರ ಸರಿಯದೆ ನನ್ನ ಪಕ್ಕದಲ್ಲೇ ಕೂತವಳು ನೆರೆಮನೆಯ ಬ್ಯಾರಿ ಹುಡುಗಿ ಮೈಮೂನಾ. ಮದುವೆಯಾಗಿ ಗಂಡ ಹಮೀದರ ಜೊತೆ ಸೌದಿಗೆ ಹೋದವಳು ಪ್ರತಿ ವರ್ಷ ಊರಿಗೆ ಬಂದಾಗಲೂ ನನ್ನನ್ನು ಕರೆಯುತ್ತಿದ್ದಳು. ಈ ಸಲ ಕರೆಯಲಿಲ್ಲ, ವಿಸಿಟ್ ವೀಸಾವನ್ನೇ ಕಳಿಸಿದಳು.

ಜೆಡ್ಡಾದ ವಿಮಾನ ನಿಲ್ದಾಣದಲ್ಲಿ ನನ್ನ ಚೀಲದಿಂದ ಅಧಿಕಾರಿಯೊಬ್ಬ ತಾಳೆಗರಿಯ ಒಂದು ಪೊಟ್ಟಣ ಹೊರತೆಗೆದ. ಮೈಮೂನಾ ಬಾಯಿಬಿಟ್ಟು ಕೇಳಿದ ಒಂದೇ ಒಂದು ವಸ್ತು ಅದು, ಓಲೆ ಬೆಲ್ಲ. ತಾಳೆಮರದ ರಸ ಕಾಯಿಸಿ ಮಾಡುವಂಥದ್ದು. ಇದೇನೆಂದು ಅವನು ಇಂಗ್ಲಿಷಿನಲ್ಲಿ ಕೇಳಿದ. ಮರದ ಹೆಸರು ಹೇಳಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಹೆದರಿಕೆ ನನಗೆ. ಸಕ್ಕರೆ ಎಂದೆ. ಅವನು ಕಪ್ಪು ಉಂಡೆಯನ್ನು ಮೂಸಿದ, ಮೂಲೆಯಲ್ಲಿ ಚೂರು ಮುರಿದು ಬಾಯಿಗೆ ಹಾಕಿಕೊಂಡ, ಪಕ್ಕದವನಿಗೂ ಕೊಟ್ಟ. ಇಬ್ಬರೂ ತಲೆಯಾಡಿಸಿ ಪೊಟ್ಟಣವನ್ನು ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿ ಕಟ್ಟಿ ವಾಪಸು ಕೊಟ್ಟರು. ಸುಮ್ಮನೆ ಹೆದರಿದ್ದೆ.

ಹೊರಗೆ ಬಂದದ್ದೇ ಕನ್ನಡಕ ಮಂಜಾಯಿತು. ಏಪ್ರಿಲ್ ತಿಂಗಳ ಮಂಗಳೂರಿನ ಸೆಕೆಯನ್ನು ಎರಡರಿಂದ ಗುಣಿಸಿದರೆ ಜೆಡ್ಡಾದ ಬೇಸಿಗೆ. ತಾಯಿಫ್ ಮಾತ್ರ ಬೆಟ್ಟದ ಮೇಲಿನ ತಂಪು ಊರು ಎಂದು ಸಮಾಧಾನ ಹೇಳಿ ಹಮೀದಾಕ (ನಾನು ಹಮೀದರನ್ನು ಕರೆಯುವುದು ಹಾಗೆ) ಕಾರು ಹೊರಡಿಸಿದರು. ನೇರ ದಾರಿ ಮಕ್ಕಾ ಹಾದು ಹೋಗುತ್ತದೆ. ಮುಸ್ಲಿಮರಲ್ಲದವರು ಮೊದಲೇ ಕವಲೊಡೆದು ಸುತ್ತು ದಾರಿ ಹಿಡಿಯಬೇಕು. ಹಮೀದಾಕ ಊರಿನ ಸುದ್ದಿ ಕೇಳುವ ಭರದಲ್ಲಿ ಆ ಕವಲನ್ನೇ ದಾಟಿಬಿಟ್ಟರು. ದೊಡ್ಡ ಫಲಕ ಹಿಂದೆ ಹೋದ ಮೇಲೆ ಮೈಮೂನಾ ಗಂಡನ ಭುಜ ತಟ್ಟಿದಳು. ಏಸಿಯ ತಂಪಿನಲ್ಲೂ ಬೆವರುತ್ತ ಅವರು ತಪಾಸಣೆಯ ಗೇಟಿಗೆ ಮೊದಲೇ ತಿರುಗುವ ಜಾಗ ಹುಡುಕಿ ಕಾರು ತಿರುಗಿಸಿದರು. ನನ್ನಿಂದಾಗಿ ನಿಮಗೆ ಸುತ್ತು ಎಂದೆ.

“ಸುತ್ತು ಎಂತ ಬಂತು ಟೀಚರ್, ದಾರಿಯಲ್ಲಿ ಇನ್ನೊಂದು ಚಾ ಕುಡಿಯುವ” ಎಂದರು.

ತಾಯಿಫ್

ಘಾಟಿ ಹತ್ತುವಾಗ ನನಗೆ ಚಾರ್ಮಾಡಿ ನೆನಪಾದರೂ ಹೋಲಿಕೆ ತಿರುವುಗಳಲ್ಲಿ ಮಾತ್ರ. ಇಲ್ಲಿ ಒಂದು ಹಸಿರು ಎಲೆ ಕಾಣಲು ಅರ್ಧ ಬೆಟ್ಟ ಹತ್ತಬೇಕು. ಮೇಲೆ ತಲುಪಿ ಕಿಟಕಿ ಇಳಿಸಿದರೆ ಒಣ ತಂಗಾಳಿ. ರಸ್ತೆ ಬದಿಯಲ್ಲಿ ಬುಟ್ಟಿಗಟ್ಟಲೆ ಪಾಪಾಸುಕಳ್ಳಿಯ ಹಣ್ಣು. ಕೈಗವಸು ಹಾಕಿದ ಮುದುಕನೊಬ್ಬ ಅದರ ಮುಳ್ಳುಸಿಪ್ಪೆಯನ್ನು ಎರಡೇ ಗೀರಿನಲ್ಲಿ ಬಿಚ್ಚಿ ಕೊಡುತ್ತಿದ್ದ. ಇಲ್ಲಿ ಕಳ್ಳಿ ಮಾತ್ರ ಉಂಟು, ಕಳ್ಳು ಇಲ್ಲ ಎಂದು ಮೈಮೂನಾ ನನ್ನ ಕಿವಿಯಲ್ಲಿ ಹೇಳಿ ನಕ್ಕಳು. ಅವಳೊಬ್ಬಳಿಗೆ ಆ ತಮಾಷೆಯ ಅಧಿಕಾರ ಇತ್ತು.

ಅವರ ಮನೆ ಎರಡನೆಯ ಮಾಳಿಗೆಯಲ್ಲಿ. ಕೆಳಗೆ ಅಂಗಳವಿದ್ದ ಮನೆಯಲ್ಲಿ ಕಟ್ಟಡದ ಯಜಮಾನನ ತಾಯಿ, ಎಂಬತ್ತು ದಾಟಿದ ಉಮ್ಮು ಸಾಲೆಹ್. ಮಂಡಿನೋವಿನಿಂದ ಹೆಚ್ಚು ನಡೆಯಲಾರರು. ಅವರನ್ನು ನೋಡಿಕೊಳ್ಳಲು ಕೀನ್ಯಾ ದೇಶದ ಒಬ್ಬ ಹೆಂಗಸು ಇದ್ದಳು. ಹೆಸರು ಕಡ್ಜೊ. ನಲವತ್ತೈದರ ಆಸುಪಾಸು, ಎತ್ತರದ ಆಳು, ನಡೆಯುವಾಗ ಕಾಲ ಸದ್ದೇ ಕೇಳಿಸುತ್ತಿರಲಿಲ್ಲ. ನಾನು ಹೋದ ಮೂರನೆಯ ದಿನ ಅಜ್ಜಿ ಕೊಟ್ಟ ಖರ್ಜೂರದ ತಟ್ಟೆ ಹಿಡಿದು ಮೇಲೆ ಬಂದಳು. ಅಡುಗೆಮನೆಯಲ್ಲಿ ಮೈಮೂನಾ ಓಲೆ ಬೆಲ್ಲ ಕುಟ್ಟುತ್ತಿದ್ದಳು. ಕಡ್ಜೊ ತಟ್ಟೆ ಇಡುವುದನ್ನು ಮರೆತು ನಿಂತಳು. ಚೂರೊಂದನ್ನು ಕೇಳಿ ಪಡೆದು ಮೂಸಿ, ತನಗೇ ಹೇಳಿಕೊಂಡ ಹಾಗೆ, “ಟೆಂಬೊ” ಎಂದಳು.

ಅವಳ ಇಂಗ್ಲಿಷ್ ನನ್ನದರ ಹಾಗೆಯೇ ಕುಂಟುತ್ತಿತ್ತು. ಹಾಗಾಗಿ ಮೈಮೂನಾ ಆ ಶಬ್ದವನ್ನು ಫೋನಿನ ಅನುವಾದಕ್ಕೆ ಕೊಟ್ಟಳು. ಫೋನು ‘ಆನೆ’ ಎಂದಿತು. ನಾವು ಮೂವರೂ ಬೆಲ್ಲ ನೋಡಿದೆವು. ಕಡ್ಜೊ ತಲೆ ಅಲ್ಲಾಡಿಸಿ, ಎರಡೂ ತೋಳುಗಳಿಂದ ಗಾಳಿಯಲ್ಲಿ ಒಂದು ಮರ ತಬ್ಬಿ, ಹತ್ತಿದ ಹಾಗೆ ಮಾಡಿ, ಮೇಲೆ ಕೈಯಲ್ಲಿ ತೆಳುವಾಗಿ ಏನನ್ನೋ ಹೆರೆದು, ಕೆಳಗೆ ಮಡಕೆ ಕಟ್ಟಿ ತೋರಿಸಿದಳು. ಸ್ವಾಹಿಲಿಯಲ್ಲಿ ಆನೆಗೂ ಕಳ್ಳಿಗೂ ಅದೊಂದೇ ಶಬ್ದವಂತೆ. ನನಗೆ ಆ ಕೈಗಳನ್ನು ನೋಡಿಯೇ ಅರ್ಥವಾಗಿತ್ತು. ಹೊಂಬಾಳೆಯನ್ನು ಅಪ್ಪ ಹೆರೆಯುತ್ತಿದ್ದದ್ದು ಅದೇ ಓರೆಯಲ್ಲಿ.

ಆ ಸಂಜೆಯಿಂದ ಅಜ್ಜಿ ಮಲಗಿದ ಹೊತ್ತಿನಲ್ಲಿ ಕಡ್ಜೊ ಮೆಟ್ಟಿಲಲ್ಲಿ ನನ್ನ ಜೊತೆ ಕೂರತೊಡಗಿದಳು. ಅವಳದು ಸಮುದ್ರದ ಕಡೆಯ ಊರು, ಗಿರಿಯಾಮ ಜನ. ನಮ್ಮ ಹಾಗೆ ತೆಂಗಿನ ಮರದ್ದೇ ಕಳ್ಳು. ಸೋರೆಬುರುಡೆಯ ಪಾತ್ರೆಯಲ್ಲಿ ಹಾಕಿ ಜೊಂಡಿನ ಕೊಳವೆಯಿಂದ ಹೀರುತ್ತಾರೆ, ಕೊಳವೆಯ ತುದಿಗೆ ನಾರು ಕಟ್ಟುತ್ತಾರೆ, ಹುಳುಹುಪ್ಪಟೆ ಬಾಯಿಗೆ ಬಾರದಂತೆ. ಹಿರಿಯರ ಹೆಸರಿನಲ್ಲಿ ಮೊದಲು ನೆಲಕ್ಕೆ ಸ್ವಲ್ಪ ಸುರಿಯುತ್ತಾರೆ. ನಮ್ಮಲ್ಲೂ ದೈವಕ್ಕೆ ಇಡದೆ ಕುಡಿಯುವುದಿಲ್ಲ ಎಂದೆ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ತೆಂಗಿನ ಮರ ಇರುವ ಕಡೆಯ ಜನಕ್ಕೆ ಅಷ್ಟು ಬುದ್ಧಿ ಇರಬೇಡವೇ ಎಂಬ ಹಾಗೆ ನೋಡಿದಳು.

ಅವಳ ಗಂಡನೂ ಕಳ್ಳು ಇಳಿಸುವವನೇ. ಮಳೆಗಾಲದಲ್ಲಿ ಮರದಿಂದ ಬಿದ್ದು ತೀರಿಹೋದ. ಮಗಳು ಸಿದಿಯನ್ನು ಅತ್ತೆಯ ಮಡಿಲಿಗೆ ಹಾಕಿ ಇವಳು ಇಲ್ಲಿಗೆ ಬಂದಳು. ಆರು ವರ್ಷವಾಯಿತು. ಸಿದಿಗೆ ಈಗ ಇಪ್ಪತ್ತು. ಗಂಡನ ಅಣ್ಣ ಅವಳಿಗೊಂದು ಸಂಬಂಧ ನೋಡಿದ್ದ. ಗಂಡಿನ ಕಡೆಯವರು ಮುಂದಿನ ಶುಕ್ರವಾರ ಕಳ್ಳು ತರುವವರಿದ್ದರು.

ಅಲ್ಲಿಯ ಪದ್ಧತಿಯನ್ನು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಗಂಡಿನವರು ತಂದ ಕಳ್ಳನ್ನು ಹೆಣ್ಣಿನ ಮನೆಯವರು ಕುಡಿದರೆ ಸಂಬಂಧ ಒಪ್ಪಿದ ಹಾಗೆ. ಕುಡಿಯುವ ಮೊದಲು ತಂದೆ, ಅವನಿಲ್ಲದಿದ್ದರೆ ತಾಯಿ, ಎಲ್ಲರ ಎದುರು ಮಗಳನ್ನು ಮೂರು ಸಲ ಕೇಳಬೇಕು, ಈ ಕಳ್ಳು ಕುಡಿಯಲೇ ಎಂದು. ತಂದೆತಾಯಿ ಇಬ್ಬರೂ ಇಲ್ಲದಲ್ಲಿ ಮಾತ್ರ ದೊಡ್ಡಪ್ಪ ಕೇಳಬಹುದು. ತಾಯಿ ಪರದೇಶದಲ್ಲಿದ್ದಾಳೆ, ಆದ್ದರಿಂದ ಕೇಳುವವನು ನಾನು ಎಂದು ಅವನು ಹೇಳುತ್ತಿದ್ದ.

ಮಗಳಿಗೆ ಈ ಹುಡುಗ ಇಷ್ಟವೇ ಎಂದು ಕೇಳಿದೆ.

“ಗೊತ್ತಿಲ್ಲ” ಎಂದಳು ಕಡ್ಜೊ. “ಫೋನಿನಲ್ಲಿ ‘ಸರಿ ಅಮ್ಮ’ ಎನ್ನುತ್ತಾಳೆ. ಅವಳ ಪಕ್ಕದಲ್ಲಿ ಯಾವಾಗಲೂ ಯಾರೋ ಉಸಿರಾಡುತ್ತಿರುತ್ತಾರೆ. ಆ ದಿನ ಹಿರಿಯರ ಎದುರು ಅವಳು ಹೇಳಿದ್ದಕ್ಕೆ ಮಾತ್ರ ತೂಕ. ದೊಡ್ಡಪ್ಪ ಕೇಳಿದರೆ ಅವಳು ಹೌದು ಎನ್ನುತ್ತಾಳೆ. ನಾನು ಕೇಳಿದರೆ ಏನೆನ್ನುತ್ತಾಳೆ ಎಂದು ನನಗೆ ತಿಳಿಯಬೇಕು.”

ಅದಕ್ಕಾಗಿ ಅವಳು ಊರಿನ ಹಿರಿಯನೊಬ್ಬನ ಜೊತೆ, ಅವಳ ಸೋದರಮಾವನೇ ಆತ, ವಾರಗಟ್ಟಲೆ ಫೋನಿನಲ್ಲಿ ವಾದಿಸಿದ್ದಳು. ಕೊನೆಗೆ ಮಾವ ಒಂದು ದಾರಿ ಬಿಟ್ಟುಕೊಟ್ಟಿದ್ದ. ವಿಡಿಯೊದಲ್ಲಿ ತಾಯಿ ಎದುರಿಗಿರಲಿ. ಆ ದೇಶದಲ್ಲಿ ಕಳ್ಳು ಕೂಡದು ಎಂದಾದರೆ ತೆಂಗಿನ ಮರದ ನೀರಾದರೂ ಅವಳ ಕೈಯಲ್ಲಿರಲಿ. ಬರಿಗೈಯಲ್ಲಿ ಕೂತು ಕೇಳುವುದು ಕೇಳಿದ ಹಾಗಲ್ಲ.

ಓಲೆ ಬೆಲ್ಲ ನೀರಿನಲ್ಲಿ ಕರಗಿಸಿದರೆ ಮರದ ರಸವೇ ಆಗುತ್ತದಲ್ಲ ಎಂದು ನಾನು ಜಾಣತನ ತೋರಿಸಿದೆ. ಅವಳು ಯೋಚಿಸಲೂ ಇಲ್ಲ. ಅದು ಬೇರೆ ಮರ, ಮತ್ತೆ ಬೆಂಕಿ ಕಂಡದ್ದು ಎಂದು ಪಕ್ಕಕ್ಕಿಟ್ಟಳು. ಡಬ್ಬಿಯಲ್ಲಿ ಸಿಗುವ ಎಳನೀರನ್ನೂ ಒಪ್ಪಲಿಲ್ಲ, ಆಗಲೇ ಕೊಚ್ಚಿದ ಕಾಯಿಯದ್ದೇ ಆಗಬೇಕು ಎಂದಳು.

ನನ್ನ ಮದುವೆ ನಿಶ್ಚಯವಾದದ್ದು ನಮ್ಮ ಅಂಗಳದಲ್ಲಿ, ಅಪ್ಪನೂ ನನ್ನ ಮಾವನಾಗಲಿದ್ದವರೂ ಎದುರುಬದುರು ಕೂತು ಗೆರಟೆಯಲ್ಲಿ, ಅಂದರೆ ತೆಂಗಿನ ಚಿಪ್ಪಿನಲ್ಲಿ, ಕಳ್ಳು ಕುಡಿದಾಗ. ನಾನು ಒಳಗೆ ಮೀನು ಕೊಯ್ಯುತ್ತಿದ್ದೆ. ಗಂಡ ಒಳ್ಳೆಯವರೇ ಆಗಿದ್ದರು, ದೂರಿಲ್ಲ. ಆದರೆ ಯಾರೂ ನನ್ನನ್ನು ಒಂದು ಸಲವೂ ಕೇಳಿರಲಿಲ್ಲ.

ಕೆಳಮನೆ

ಶುಕ್ರವಾರ ಅಜ್ಜಿಯನ್ನು ಬಿಟ್ಟು ಕಡ್ಜೊ ಎಲ್ಲಿಗೂ ಹೋಗುವಂತಿರಲಿಲ್ಲ. ಆಗಬೇಕಾದದ್ದು ಅಜ್ಜಿಯ ಅಂಗಳದಲ್ಲೇ, ಅವರ ಕಣ್ಣೆದುರೇ. ಹಾಗಾಗಿ ಅವರ ಒಪ್ಪಿಗೆ ಕೇಳಲೇಬೇಕು.

ಮೈಮೂನಾಳಿಗೆ ಹೆದರಿಕೆ. ಮಗಳ ನಿಶ್ಚಿತಾರ್ಥ, ಸ್ವಲ್ಪ ಹಣ್ಣಿನ ರಸ ಕುಡಿಯುವ ಪದ್ಧತಿ ಉಂಟು ಎಂದಷ್ಟೇ ಹೇಳಿದರೆ ಸಾಕು ಎಂದಳು. ನಾನೂ ಹೌದೆಂದೆ. ಆ ತರದ ಮಾತು ಜೋಡಿಸುವುದರಲ್ಲಿ ನನಗೆ ಐವತ್ತು ವರ್ಷದ ಅನುಭವ. ಕಡ್ಜೊ ಕೇಳಲಿಲ್ಲ. ಸುಳ್ಳು ಹೇಳಿ ಮಗಳ ವಿಷಯ ಶುರುಮಾಡುವುದಿಲ್ಲ ಎಂದು ಕೆಳಗಿಳಿದು ಹೋಗಿ, ಅಜ್ಜಿಯ ಕಾಲು ಒತ್ತುತ್ತ, ತನ್ನ ಒರಟು ಅರಬಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ನಮ್ಮೂರಲ್ಲಿ ಅದು ಮತ್ತು ಬರುವ ಪಾನೀಯ, ಇಲ್ಲಿ ನಾನು ಹಿಡಿಯುವುದು ಎಳನೀರು, ಆದರೆ ಅದು ನಿಲ್ಲುವುದು ಆ ಪಾನೀಯದ ಜಾಗದಲ್ಲಿ, ಎಂದು.

ಉಮ್ಮು ಸಾಲೆಹ್ ಕಾಲು ಎಳೆದುಕೊಂಡು ಗೋಡೆ ಕಡೆ ತಿರುಗಿ ಮಲಗಿದರು. ಎರಡು ದಿನ ಮಾತಿಲ್ಲ. ಊಟದ ತಟ್ಟೆಗೆ ಬೆರಳಿನಿಂದ ಸನ್ನೆ, ಅಷ್ಟೆ. ಅಜ್ಜಿ ಮಗನಿಗೆ ಹೇಳಿದರೆ ಎಂತ ಮಾಡುವುದು ಎಂದು ಮೈಮೂನಾ ನಿದ್ದೆ ಕೆಡಿಸಿಕೊಂಡಳು. ಕಡ್ಜೊ ಮಾತ್ರ ಹಮೀದಾಕರ ಅಂಗಡಿಯಿಂದ ಒಂದು ಒಣ ತೆಂಗಿನಕಾಯಿ ತರಿಸಿ ಒಡೆದು, ತಿರುಳು ಬಿಡಿಸಿ, ಅರ್ಧ ಗೆರಟೆಯನ್ನು ಪಾತ್ರೆ ತಿಕ್ಕುವ ತಂತಿಯಿಂದ ಉಜ್ಜುತ್ತಲೇ ಇದ್ದಳು. ಸೋರೆಬುರುಡೆ ಎಲ್ಲಿಂದ ತರುವುದು, ಇದೇ ಆಗಬೇಕು ಎಂದಳು. ಎರಡು ದಿನದಲ್ಲಿ ಅದು ಹೊಳೆಯುವಷ್ಟು ನುಣುಪಾಯಿತು.

ಮೂರನೆಯ ಬೆಳಿಗ್ಗೆ ಅಜ್ಜಿ ನನ್ನನ್ನೂ ಮೈಮೂನಾಳನ್ನೂ ಕೆಳಗೆ ಕರೆಸಿದರು. ಅಂಗಳದ ದಾಳಿಂಬೆ ಗಿಡದ ಪಕ್ಕ ದಿಂಬಿಗೊರಗಿ ಕೂತಿದ್ದರು. ಕಾಫಿ ಕೊಟ್ಟರು, ಏಲಕ್ಕಿ ಹಾಕಿದ ಹಳದಿ ಬಣ್ಣದ ಕಾಫಿ. ನಾನು ಶಾಲೆಯ ಟೀಚರ್ ಎಂದು ಕೇಳಿದ್ದರಂತೆ, ಹಾಗಾಗಿ ಪ್ರಶ್ನೆಯನ್ನು ನನಗೇ ಕೇಳಿದರು. ಮೈಮೂನಾ ಅನುವಾದಿಸಿದಳು. ಈ ಮರದ ನೀರಿನ ವಿಷಯ ನಿನಗೇನು ಗೊತ್ತು?

ಪುಸ್ತಕದಲ್ಲಿ ಓದಿದ್ದೇನೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಆದರೆ ಆಚೆ ಕಡ್ಜೊ ಗೆರಟೆ ಉಜ್ಜುತ್ತ ನೇರ ನನ್ನ ಮುಖವನ್ನೇ ನೋಡುತ್ತಿದ್ದಳು.

“ನನ್ನ ಅಪ್ಪ ಕಳ್ಳು ಇಳಿಸುತ್ತಿದ್ದರು” ಎಂದೆ. “ಅದರಲ್ಲೇ ನಮ್ಮನ್ನು ಸಾಕಿದರು.”

ಮೈಮೂನಾ ಒಂದು ಕ್ಷಣ ತಡೆದು ನನ್ನ ಮುಖ ನೋಡಿ ಅನುವಾದಿಸಿದಳು. ಆಮೇಲೆ ಮಾತು ತಾನಾಗಿ ಬಂತು. ಬೆಳಗ್ಗೆ ಮರದಿಂದ ಇಳಿಸಿದ ಕೂಡಲೇ ಅದು ಎಷ್ಟು ಸಿಹಿ, ನಾವು ಮಕ್ಕಳು ಅದನ್ನು ಕುಡಿದೇ ಶಾಲೆಗೆ ಓಡುತ್ತಿದ್ದದ್ದು, ಮಧ್ಯಾಹ್ನಕ್ಕೆ ಹೇಗೆ ನೊರೆಯೇಳುತ್ತದೆ, ಸಂಜೆಗೆ ಹೇಗೆ ಬೇರೆಯದೇ ವಸ್ತುವಾಗುತ್ತದೆ, ಸಿಹಿಯಾಗಿಯೇ ಉಳಿಯಬೇಕೆಂದರೆ ಮಡಕೆಯೊಳಗೆ ಹೇಗೆ ಸುಣ್ಣ ಬಳಿಯುತ್ತಾರೆ, ಎಲ್ಲ ಹೇಳಿದೆ. ಅಜ್ಜಿ ಕಿವಿಗೊಟ್ಟು ಕೇಳಿದರು. ಅವರ ತವರಿನವರು ಖರ್ಜೂರದ ತೋಟದವರಂತೆ. ತಾಯಿ ರಾತ್ರಿ ನೀರಿನಲ್ಲಿ ಖರ್ಜೂರ ನೆನೆಸಿ ಬೆಳಿಗ್ಗೆ ಎಲ್ಲರಿಗೂ ಕುಡಿಸುತ್ತಿದ್ದರಂತೆ. ದಿನ ಕಳೆದು ಹುಳಿ ಬಂದರೆ ಮನೆಯಲ್ಲಿ ಒಂದು ಗಳಿಗೆಯೂ ಇಡದೆ ಚೆಲ್ಲುತ್ತಿದ್ದರಂತೆ. ತಾಜಾ ಇದ್ದಾಗ ಅದು ಅನ್ನ, ಕೆಟ್ಟ ಮೇಲೆ ಅದು ನಮಗಲ್ಲ, ಎಂದರು.

ಆಮೇಲೆ ಕಡ್ಜೊಳನ್ನು ಕರೆದು ಕೇಳಿದರು. ಕೇಳುವವರು ಯಾರು, ಹೇಳುವವರು ಯಾರು? ಕಡ್ಜೊ ವಿವರಿಸಿದಳು. ಅಜ್ಜಿ ತುಂಬ ಹೊತ್ತು ಕಾಫಿಯ ಚಿಕ್ಕ ಬಟ್ಟಲನ್ನು ಬೆರಳಲ್ಲಿ ತಿರುಗಿಸಿದರು. ಆಮೇಲೆ ಹೇಳಿದ್ದನ್ನು ಮೈಮೂನಾ ಹೀಗೆ ಕನ್ನಡಕ್ಕಿಳಿಸಿದಳು:

“ನಮ್ಮಲ್ಲಿ ಕಾಫಿ ಅಂತೆ. ಹೆಣ್ಣು ಕೇಳಲು ಬಂದವರು ಬಟ್ಟಲು ಮುಟ್ಟದೆ ಕೂರುವುದಂತೆ. ಹುಡುಗಿಯ ಅಪ್ಪ ಆಯಿತು ಎಂದ ಮೇಲೆಯೇ ಕುಡಿಯುವುದು. ಇವರು ಪರದೆಯ ಹಿಂದೆ ಕೂತಿದ್ದರಂತೆ, ಹದಿನಾರು ವರ್ಷ. ಬಟ್ಟಲುಗಳ ಸದ್ದು ಕೇಳಿದಾಗ ಗೊತ್ತಾಯಿತಂತೆ, ತನಗೆ ಮದುವೆ ಆಯಿತು ಅಂತ.”

ಅಜ್ಜಿ ಎರಡು ಷರತ್ತು ಹಾಕಿದರು. ಕಾಯಿಯನ್ನು ತನ್ನ ಕಣ್ಣೆದುರೇ ಕೊಚ್ಚಬೇಕು. ಮಗಳನ್ನು ಮೂರು ಸಲವೂ ಕೇಳಬೇಕು, ಒಂದಕ್ಕೇ ಮುಗಿಸಬಾರದು.

ಮತ್ತೆ ಜೆಡ್ಡಾ, ಮತ್ತೆ ಘಾಟಿ

ತಾಯಿಫಿನ ಅಂಗಡಿಗಳಲ್ಲಿ ಎಳನೀರು ಸಿಗಲಿಲ್ಲ. ಒಂದು ಕಡೆ ಇತ್ತು, ಅಲ್ಲಾಡಿಸಿದರೆ ಒಳಗೆ ಸದ್ದೇ ಇಲ್ಲ. ಗುರುವಾರ ಹಮೀದಾಕ ಬೆಳಗ್ಗೆಯೇ ಅಂಗಡಿಯನ್ನು ಪಕ್ಕದವರಿಗೆ ಒಪ್ಪಿಸಿ, ಯಲ್ಲಾ ಹೊರಡುವ ಎಂದರು. ಜೆಡ್ಡಾದಲ್ಲಿ ಮಲಯಾಳಿಗಳ ಅಂಗಡಿಗಳಿರುವ ಬೀದಿಯಲ್ಲಿ ಕೇಳುತ್ತ ಹೋದೆವು. ಆರನೆಯ ಅಂಗಡಿಯಲ್ಲಿ ನಾಲ್ಕು ಕಾಯಿ ಉಳಿದಿದ್ದವು. ಸಿಪ್ಪೆ ಹೆರೆದು, ಬುಡ ಚಪ್ಪಟೆ ಮಾಡಿ, ಬಿಳೀ ಮಂಟಪದ ಹಾಗೆ ಕೆತ್ತಿದ ಕಾಯಿಗಳು. ನಮ್ಮೂರಿನ ಯಾವ ಮರವೂ ಇವನ್ನು ತನ್ನ ಮಕ್ಕಳೆಂದು ಒಪ್ಪಲಾರದು. ಅಲ್ಲಾಡಿಸಿದೆ. ತುಂಬಿದ್ದವು. ಬಲೆಚೀಲದಲ್ಲಿ ಹಾಕಿಸಿಕೊಂಡೆವು.

ವಾಪಸು ಘಾಟಿಯಲ್ಲಿ ಎಂಜಿನ್ ಬಿಸಿಯಾಗಿ, ನೋಟ ನೋಡಲು ಮಾಡಿದ ಬಯಲಿನಲ್ಲಿ ಕಾರು ನಿಲ್ಲಿಸಿದೆವು. ನೀರಿನ ಬಾಟ್ಲಿಗಾಗಿ ಮೈಮೂನಾ ಡಿಕ್ಕಿ ತೆರೆದಳು. ಆ ಘಾಟಿಯಲ್ಲಿ ಕೋತಿಗಳ ಗುಂಪು ಉಂಟು. ನಮ್ಮ ಮಂಗಗಳಲ್ಲ, ನಾಯಿಮೂತಿಯ, ಭುಜದ ತುಂಬ ಬೂದಿಬಣ್ಣದ ಕೂದಲಿನ ದೊಡ್ಡ ಜಾತಿ. ನಾವು ಹಿಂತಿರುಗಿ ನೋಡುವಷ್ಟರಲ್ಲಿ ಒಂದು ಗಂಡು ಬಲೆಚೀಲವನ್ನು ಡಾಂಬರಿನ ಮೇಲೆ ಎಳೆಯುತ್ತಿತ್ತು. ಹಮೀದಾಕ ಚಪ್ಪಲಿ ಎಸೆದರು. ಬಲೆ ಹರಿಯಿತು. ಕಾಯಿಗಳು ಇಳಿಜಾರಿನಲ್ಲಿ ಉರುಳಿದವು. ಎರಡು ತಡೆಗೋಡೆಯ ಸಂದಿನಿಂದ ಪ್ರಪಾತಕ್ಕೆ ಹೋದವು. ಒಂದನ್ನು ಮರಿ ಹೊತ್ತ ಹೆಣ್ಣೊಂದು ಎತ್ತಿಕೊಂಡಿತು. ನಾಲ್ಕನೆಯದು ಗೋಡೆಗೆ ತಾಗಿ ನಿಂತಿತು. ಆ ಗಂಡು ಕೋತಿಯೂ ಅದನ್ನೇ ನೋಡುತ್ತಿತ್ತು.

ನಾನು ಓಡಿದೆ. ಅರವತ್ತಮೂರು ವರ್ಷ, ಮೈಮೂನಾ ಕೊಟ್ಟ ಉದ್ದದ ಅಬಾಯಾ, ಅಂಚು ಕಾಲಿಗೆ ಸಿಕ್ಕಿ ಎರಡು ಸಲ ಮುಗ್ಗರಿಸಿದೆ. ಹಿಂದಿನಿಂದ ಹಮೀದಾಕ ಬಿಡಿ ಟೀಚರ್, ಕಚ್ಚುತ್ತದೆ ಎನ್ನುವುದು ಕೇಳಿಸುತ್ತಿತ್ತು. ಕೋತಿ ಹಲ್ಲು ತೋರಿಸಿತು. ಮೂರು ದಶಕ ಮೂರನೆಯ ಕ್ಲಾಸಿನ ಮಕ್ಕಳನ್ನು ಸಂಭಾಳಿಸಿದ ದನಿಯಲ್ಲಿ, ತುಳುವಿನಲ್ಲಿ, ಅದಕ್ಕೆ ಕೂರಲು ಹೇಳಿದೆ. ಅದು ಕೂರಲಿಲ್ಲ. ಆದರೆ ಅರೆಕ್ಷಣ ಅನುಮಾನಿಸಿತು, ನನಗೆ ಅಷ್ಟು ಸಾಕಾಯಿತು. ಕಾಯಿಯನ್ನು ಎದೆಗೆ ಅವಚಿಕೊಂಡು ಹಿಂದೆ ಹಿಂದೆ ನಡೆಯುತ್ತ ಕಾರಿಗೆ ಬಂದೆ. ಮೊಣಕಾಲು ಸುಲಿದದ್ದು ತಾಯಿಫ್ ಮುಟ್ಟಿದ ಮೇಲೆಯೇ ಗೊತ್ತಾದದ್ದು. ಕಾಯಿಯ ಒಂದು ಮಗ್ಗುಲಲ್ಲಿ ಸಣ್ಣ ಬಿರುಕು ಬಿಟ್ಟಿತ್ತು. ಮೈಮೂನಾ ಅದಕ್ಕೆ ಮೈದಾ ಹಿಟ್ಟು ಮೆತ್ತಿ ಫ್ರಿಜ್ಜಿನಲ್ಲಿಟ್ಟಳು.

ಶುಕ್ರವಾರ

ಕೀನ್ಯಾಕ್ಕೂ ಸೌದಿಗೂ ಗಡಿಯಾರ ಒಂದೇ. ಮಧ್ಯಾಹ್ನದ ನಂತರದ ನಮಾಜು ಮುಗಿದ ಮೇಲೆ ಅಂಗಳದಲ್ಲಿ ಚಾಪೆ ಹಾಸಿದೆವು. ಕಡ್ಜೊ ಊರಿನಿಂದ ತಂದಿದ್ದ ಬಣ್ಣದ ಬಟ್ಟೆ ಸುತ್ತಿಕೊಂಡಿದ್ದಳು. ಅಜ್ಜಿ ದಿಂಬಿಗೊರಗಿ, ಶಾಲು ತಲೆಗೆಳೆದುಕೊಂಡು, ಫೋನಿನ ಕ್ಯಾಮೆರಾಕ್ಕೆ ಬೀಳದ ಕಡೆ ಕೂತರು.

ಕಾಯಿ ಕೊಚ್ಚುವ ಕೆಲಸ ನನಗೇ ಬಂತು. ಅಪ್ಪನ ಕತ್ತಿಯನ್ನು ಮುಟ್ಟಲೂ ನನಗೆ ಬಿಟ್ಟಿರಲಿಲ್ಲ, ಹೆಣ್ಣುಮಕ್ಕಳಿಗಲ್ಲ ಎಂದು. ಅಡುಗೆಮನೆಯ ದಪ್ಪ ಚೂರಿಯ ಬುಡದಿಂದ ಕಾಯಿಯ ತಲೆಯ ಸುತ್ತ ಒಂದೊಂದೇ ಪೆಟ್ಟು ಹಾಕಿದೆ. ಜೋರಾದರೆ ಬಿರುಕು ಬಾಯಿಬಿಟ್ಟು ಇದ್ದ ನೀರೆಲ್ಲ ನೆಲಕ್ಕೆ. ಆರನೆಯ ಪೆಟ್ಟಿಗೆ ಮುಚ್ಚಳ ಎದ್ದಿತು. ಗೆರಟೆಗೆ ಬಗ್ಗಿಸಿದೆ. ಅಂಚಿನವರೆಗೆ ತುಂಬಿತು. ಅಜ್ಜಿ ಅದನ್ನು ಕೈಗೆ ತೆಗೆದುಕೊಂಡು ಮೂಸಿದರು, ಬಿಸ್ಮಿಲ್ಲಾ ಎಂದು ಕಡ್ಜೊಳ ಕೈಗೆ ದಾಟಿಸಿದರು.

ಫೋನಿನಲ್ಲಿ ಮಾವಿನ ಮರದ ನೆರಳು ಕಂಡಿತು. ಕೆಳಗೆ ಹಿರಿಯರು, ಸೋರೆಬುರುಡೆಗಳು, ಎಲೆ ಕಟ್ಟಿ ಸಿಂಗರಿಸಿದ ಹಳದಿ ಪ್ಲಾಸ್ಟಿಕ್ ಕ್ಯಾನು. ಅದರಲ್ಲೇ ಗಂಡಿನವರ ಕಳ್ಳು. ಮುಂದೆ ಬಿಳಿ ಅಂಗಿಯ ದೊಡ್ಡಪ್ಪ. ಅವನ ಪಕ್ಕ, ಮಂಡಿಯೂರಿ, ತಲೆ ತಗ್ಗಿಸಿದ ಹುಡುಗಿ. ಕಡ್ಜೊಳದೇ ಹಣೆ.

ಅವರ ಮಾತು ನನಗೆ ಒಂದಕ್ಷರ ತಿಳಿಯದು. ಇಲ್ಲಿ ಬರೆಯುವುದು ಆಮೇಲೆ ಕಡ್ಜೊ ಹೇಳಿದ್ದು. ನೆಟ್‌ವರ್ಕ್ ಸರಿಯಿಲ್ಲ, ನಾನೇ ಕೇಳಿ ಮುಗಿಸುತ್ತೇನೆ ಎಂದು ದೊಡ್ಡಪ್ಪ ಶುರುಮಾಡಿದ. ಚಿತ್ರ ನಿಜವಾಗಿಯೂ ಒಮ್ಮೆ ನಿಂತು ಹೋಯಿತು. ಕಡ್ಜೊ ಗೆರಟೆ ಅಲುಗಿಸದೆ ಕಾದಳು. ಚಿತ್ರ ಮರಳಿದಾಗ ಸೋದರಮಾವ ಕೋಲು ನೆಲಕ್ಕೆ ಕುಟ್ಟಿ, ತಾಯಿ ಬಂದಿದ್ದಾಳೆ, ತಾಯಿ ಕೇಳಲಿ ಎನ್ನುತ್ತಿದ್ದ.

ಕಡ್ಜೊ ಗೆರಟೆಯನ್ನು ಎದೆಯೆತ್ತರಕ್ಕೆ ಹಿಡಿದು ಕೇಳಿದಳು. ಮಗಳೇ, ಈ ಕಳ್ಳು ಕುಡಿಯಲೇ?

ಹುಡುಗಿ ತಲೆಯೆತ್ತಲಿಲ್ಲ. ದೊಡ್ಡಪ್ಪ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ, ನಗುತ್ತ ಹಿರಿಯರ ಕಡೆ ತಿರುಗಿ, ನಾಚಿಕೆ, ಹೌದು ಎಂದೇ ಅರ್ಥ ಎಂದ. ಕಡ್ಜೊ ದನಿಯೇರಿಸಲಿಲ್ಲ. ಕೇಳಿದ್ದು ಮಗಳನ್ನು, ಅವಳ ಪಕ್ಕದಿಂದ ಸ್ವಲ್ಪ ದೂರ ಕೂರಿ ಎಂದಳು. ಮಾವನ ಕೋಲು ಮತ್ತೊಮ್ಮೆ ನೆಲ ಕುಟ್ಟಿತು. ಬಿಳಿ ಅಂಗಿ ಚೌಕಟ್ಟಿನಿಂದ ಆಚೆ ಹೋಯಿತು. ಈಗ ಪರದೆಯ ಮೇಲೆ ಹುಡುಗಿ ಒಬ್ಬಳೇ.

ಎರಡನೆಯ ಸಲ ಕೇಳಿದಳು. ನನ್ನ ಪಕ್ಕದಲ್ಲಿ ಅಜ್ಜಿಯ ಜಪಮಣಿ ನಿಂತುಹೋಗಿತ್ತು.

ಸಿದಿ ತಲೆಯೆತ್ತಿದಳು. ತಾಯಿಯನ್ನು ನೇರ ನೋಡಿ ಒಂದು ಚಿಕ್ಕ ಮಾತು ಹೇಳಿದಳು. ಅರ್ಥ ನನಗೆ ಗೆರಟೆಯಿಂದ ತಿಳಿಯಿತು. ಎದೆಯೆತ್ತರದಲ್ಲಿದ್ದ ಅದನ್ನು ಕಡ್ಜೊ ಮೆಲ್ಲಗೆ ಮಡಿಲಿಗೆ ಇಳಿಸಿದಳು.

ಆ ಕಡೆ ಗದ್ದಲ ಎದ್ದಿತು. ಕ್ಯಾನು ಒರಗಿದ್ದು, ಯಾರೋ ಎದ್ದು ನಿಂತದ್ದು ಕಂಡಿತು. ಕಡ್ಜೊ ಮೂರನೆಯ ಸಲ ಕೇಳಿದಳು, ಪದ್ಧತಿ ತಪ್ಪಬಾರದೆಂದು. ಈಗ ಸಿದಿ ಗದ್ದಲದ ಮೇಲೆ ಕೇಳಿಸುವಷ್ಟು ಗಟ್ಟಿಯಾಗಿ ಅದೇ ಮಾತು ಹೇಳಿದಳು. ಕುಡಿಯಬೇಡ ಅಮ್ಮ.

ಕಡ್ಜೊ ಎದ್ದಳು. ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಗೆರಟೆ. ದಾಳಿಂಬೆ ಗಿಡದ ಹತ್ತಿರ ಹೋಗಿ, ಎಲ್ಲರಿಗೂ ಕಾಣುವ ಹಾಗೆ ಕ್ಯಾಮೆರಾ ತಿರುಗಿಸಿ, ಅಷ್ಟನ್ನೂ ಬುಡಕ್ಕೆ ಸುರಿದಳು. ಖಾಲಿ ಗೆರಟೆಯನ್ನು ಮಗುಚಿ ತೋರಿಸಿದಳು. ಸೋದರಮಾವ ಗಂಡಿನವರ ಕಡೆ ತಿರುಗಿ, ತಾಯಿ ಕೇಳಿದಳು, ಹುಡುಗಿ ಹೇಳಿದಳು, ನಿಮ್ಮ ಕಳ್ಳು ನೀವು ಒಯ್ಯಿರಿ ಎಂದ.

ಫೋನು ಇಟ್ಟ ಮೇಲೆ ಅವಳು ಅಳಬಹುದೆಂದು ನಾನೂ ಮೈಮೂನಾಳೂ ಹತ್ತಿರ ಹೋದೆವು. ಅವಳು ಮೊದಲು ಇನ್ನೊಂದು ಕರೆ ಮಾಡಿದಳು, ಸೋದರಮಾವನಿಗೆ. ಇವತ್ತೇ, ಬೆಳಕಿರುವಾಗಲೇ, ಸಿದಿಯನ್ನು ನಿನ್ನ ಮನೆಗೆ ಕರೆದುಕೊಂಡು ಹೋಗು ಎಂದು. ಕೇಳುವ ಮೊದಲೇ ಆ ವ್ಯವಸ್ಥೆ ಮಾಡಿಟ್ಟಿದ್ದಳು. ಮಗಳು ಹೌದು ಎಂದಿದ್ದರೆ ಅದನ್ನು ಯಾರಿಗೂ ಹೇಳದೆ ಬಿಡುವವಳಿದ್ದಳು.

ಆಮೇಲೆ ಬಟ್ಟೆ ಬದಲಿಸಿ ಬಂದು ಅಜ್ಜಿಯ ಕಾಲಿಗೆ ಎಣ್ಣೆ ಹಚ್ಚಲು ಕೂತಳು. ಬೇಸರವಾಯಿತೇ ಎಂದು ಕೇಳಿದೆ.

“ಮೂರನೆಯ ಸಲದವರೆಗೆ ಕಾಯಬೇಕಾದೀತು ಅಂದುಕೊಂಡಿದ್ದೆ” ಎಂದಳು. “ಎರಡನೆಯದಕ್ಕೇ ಹೇಳಿದಳು.”

ಏನಾಯಿತೆಂದು ಮೈಮೂನಾ ಪೂರ್ತಿ ವಿವರಿಸಿದ ಮೇಲೆ ಉಮ್ಮು ಸಾಲೆಹ್ ಎಣ್ಣೆ ಹಚ್ಚುತ್ತಿದ್ದ ಕಡ್ಜೊಳ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ಕಾಯಿಯಲ್ಲಿ ಇನ್ನೂ ನೀರುಂಟೇ ಎಂದು ಕೇಳಿದರು. ತಳದಲ್ಲಿ ನಾಲ್ಕು ಗುಟುಕು ಉಳಿದಿತ್ತು. ಅಜ್ಜಿ, ಕಡ್ಜೊ, ಮೈಮೂನಾ, ನಾನು, ಒಬ್ಬೊಬ್ಬರಿಗೆ ಒಂದೊಂದು ಬಂತು. ಚೂರು ಸಪ್ಪೆಯಾಗಿತ್ತು, ನಿಜ ಹೇಳಬೇಕೆಂದರೆ.

ಮರಳಿದ ಮೇಲೆ

ನಾನು ಊರಿಗೆ ಬಂದು ವರ್ಷವಾಗುತ್ತ ಬಂತು. ಮೈಮೂನಾ ಫೋನು ಮಾಡಿದಾಗಲೆಲ್ಲ ಮೊದಲು ಕಡ್ಜೊಳ ಸುದ್ದಿ ಕೇಳುತ್ತೇನೆ. ದೊಡ್ಡಪ್ಪನ ಮನೆಯ ಬಾಗಿಲು ಇವರಿಗೆ ಮುಚ್ಚಿಯೇ ಇದೆ. ಸಿದಿ ಸೋದರಮಾವನ ಮನೆಯಲ್ಲಿದ್ದು ಪೇಟೆಯಲ್ಲಿ ಹೊಲಿಗೆ ಕಲಿಯುತ್ತಿದ್ದಾಳೆ. ಬೇಡವೆಂದದ್ದಕ್ಕೆ ಕಾರಣವೇನೆಂದು ತಾಯಿ ಇದುವರೆಗೆ ಕೇಳಿಲ್ಲವಂತೆ. ಬೇಕೆಂದಾಗ ಅವಳೇ ಹೇಳಲಿ ಎಂದು.

ರಂಜಾನ್ ಹಬ್ಬ ಕಳೆದ ಮೇಲೆ ಉಮ್ಮು ಸಾಲೆಹ್ ಮಗನಿಗೆ ಹೇಳಿ ಕಡ್ಜೊಳಿಗೆ ಎರಡು ತಿಂಗಳ ರಜೆ ಕೊಡಿಸಿದರು. ಆರೇಳು ವರ್ಷದಲ್ಲಿ ಮೊದಲ ಸಲ ಊರಿಗೆ ಹೋಗಿ ಮಗಳ ಜೊತೆ ಇದ್ದು ಬಂದಳು. ಹೋಗುವ ಮುಂಚೆ ಅಜ್ಜಿ ಕೇಳಿದರಂತೆ, ಮತ್ತೆ ಯಾರಾದರೂ ಹೆಣ್ಣು ಕೇಳಲು ಬಂದರೆ, ನೀನು ಅಷ್ಟು ಹೊತ್ತಿಗೆ ಇಲ್ಲಿಗೆ ವಾಪಸು ಬಂದಿದ್ದರೆ, ಆಗೇನು ಮಾಡುತ್ತೀ?

ಕಡ್ಜೊ ಚೀಲ ಕಟ್ಟುತ್ತಲೇ ಉತ್ತರ ಕೊಟ್ಟಳಂತೆ.

“ಬರುವವರು ಬರಲಿ. ನಾನು ಎಲ್ಲಿದ್ದರೂ ಕೇಳುವವಳು ನಾನೇ.”